ಜೀವಸತ್ವಗಳು ನಮ್ಮ ಶರೀರದಲ್ಲಿ ಮಾಡುವ ಕೆಲಸ

(ರೈತ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಬೇಸಾಯಶಾಸ್ತ್ರದವನಾದ ನಾನು ಬೀಜ, ಗೊಬ್ಬರ, ಕಳೆ ಇವುಗಳನ್ನು ಬಿಟ್ಟು ಜೀವಸತ್ವಗಳ ವಿಷಯಕ್ಕೆ ಏಕೆ ಬಂದೆನೆಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಮಾತ್ರೆಯಾಗಿ ಔಷಧಿ ಅಂಗಡಿಗೆ ಬರುವ ಎಷ್ಟೋ ಕಾಲ ಮೊದಲು ಇವು ಇದ್ದದ್ದು ಬೆಳೆಯಲ್ಲಿ. ಈಗಲೂ ಬಹುಪಾಲು ಅಲ್ಲಿಯೇ ಇವೆ. ಕಾಳಿನ ಯಾವ ಭಾಗದಲ್ಲಿವೆ, ಗಿರಣಿಯಲ್ಲಿ ಎಷ್ಟು ಹೋಗುತ್ತದೆ, ಅಡಿಗೆಮನೆಯಲ್ಲಿ ಎಷ್ಟು ಹೋಗುತ್ತದೆ, ಉಳಿದದ್ದು ಶರೀರದೊಳಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ಬೆಳೆಯುವವನೂ ತಿಳಿದಿರಬೇಕು. ಹಳೆಯ ಕನ್ನಡ ಪುಸ್ತಕಗಳಲ್ಲಿ ಇವಕ್ಕೆ ಅನ್ನಾಂಗ ಎಂಬ ಹೆಸರಿತ್ತು. ಅನ್ನದ ಅಂಗ ಎಂಬ ಆ ಹೆಸರೇ ನನಗೆ ಹೆಚ್ಚು ಇಷ್ಟ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕೋಣ. ಸುಸ್ತಾಯಿತೆಂದರೆ ಆಸ್ಪತ್ರೆಗೆ ಹೋಗಿ "ಒಂದು ಶಕ್ತಿಯ ಸೂಜಿ ಹಾಕಿ ಡಾಕ್ಟ್ರೇ" ಎಂದು ಕೇಳುವುದು ಹಳ್ಳಿಗಳಲ್ಲಿ ರೂಢಿಯಾಗಿದೆ. ಕೆಂಪು ಬಣ್ಣದ ಸೂಜಿಯಾದರೆ ಇನ್ನೂ ಒಳ್ಳೆಯದೆಂಬ ನಂಬಿಕೆ ಬೇರೆ. ಜೀವಸತ್ವಗಳಲ್ಲಿ ಶಕ್ತಿ ಇಲ್ಲ. ಶಕ್ತಿ ಇರುವುದು ಪಿಷ್ಟದಲ್ಲಿ, ಕೊಬ್ಬಿನಲ್ಲಿ, ಸ್ವಲ್ಪ ಮಟ್ಟಿಗೆ ಸಸಾರಜನಕದಲ್ಲಿ. ಆ ಶಕ್ತಿಯನ್ನು ಹೊರತೆಗೆಯುವ ಕೆಲಸದಲ್ಲಿ ನೆರವಾಗುವುದು ಜೀವಸತ್ವ.

ಗದ್ದೆಯ ಉದಾಹರಣೆ ತೆಗೆದುಕೊಳ್ಳಿ. ಸಾರಜನಕ, ರಂಜಕ, ಪೊಟ್ಯಾಷ್ ಎಲ್ಲವನ್ನೂ ಕೊಟ್ಟರೂ ಸತುವಿನ ಕೊರತೆಯಾದರೆ ಭತ್ತದ ಎಲೆ ತುಕ್ಕಿನ ಬಣ್ಣಕ್ಕೆ ತಿರುಗಿ ಪೈರು ಗಿಡ್ಡಾಗಿ ನಿಲ್ಲುವುದನ್ನು ನೀವು ಕಂಡಿದ್ದೀರಿ. ಎಕರೆಗೆ ಹತ್ತು ಕಿಲೋದಷ್ಟು ಸತುವಿನ ಸಲ್ಫೇಟ್ ಬಿದ್ದರೆ ಪೈರು ಚೇತರಿಸಿಕೊಳ್ಳುತ್ತದೆ. ಹಾಗೆಂದು ಸತುವನ್ನೇ ಮೂಟೆಗಟ್ಟಲೆ ಸುರಿದು ಬೆಳೆ ತೆಗೆಯುತ್ತೇನೆ ಎನ್ನುವವರುಂಟೆ? ಜೀವಸತ್ವಗಳ ಕಥೆಯೂ ಇಷ್ಟೆ. ಬೇಕಾದ ಪ್ರಮಾಣ ಅತ್ಯಲ್ಪ, ಆದರೆ ಅದಿಲ್ಲದೆ ನಡೆಯದು.

ಶರೀರದಲ್ಲಿ ನಡೆಯುವ ಪ್ರತಿಯೊಂದು ರಾಸಾಯನಿಕ ಕೆಲಸಕ್ಕೂ ಒಂದೊಂದು ಕಿಣ್ವ ಇದೆ. ಕಿಣ್ವವನ್ನು ಶರೀರವೇ ಸಸಾರಜನಕದಿಂದ ತಯಾರಿಸಿಕೊಳ್ಳುತ್ತದೆ. ಆದರೆ ಎಷ್ಟೋ ಕಿಣ್ವಗಳು ಗುಳವಿಲ್ಲದ ನೇಗಿಲಿನಂತೆ. ನೇಗಿಲನ್ನು ಹಿತ್ತಲ ಮರದಿಂದ ಮಾಡಿಕೊಳ್ಳಬಹುದು, ಕಬ್ಬಿಣದ ಗುಳವನ್ನು ಮಾತ್ರ ಹೊರಗಿನಿಂದ ತರಬೇಕು. ಹಾಗೆ ಹೊರಗಿನಿಂದ ತರಬೇಕಾದ ಗುಳವೇ ಜೀವಸತ್ವ. ಗುಳ ಒಂದೇ ಉಳುಮೆಗೆ ಮುಗಿದುಹೋಗುವುದಿಲ್ಲ, ಮತ್ತೆ ಮತ್ತೆ ಬಳಕೆಯಾಗುತ್ತದೆ. ಆದ್ದರಿಂದಲೇ ಪ್ರಮಾಣ ಇಷ್ಟು ಕಡಿಮೆ. ಬಿ12 ಜೀವಸತ್ವ ದಿನಕ್ಕೆ ಗ್ರಾಂನ ಹತ್ತು ಲಕ್ಷದಲ್ಲಿ ಎರಡು ಭಾಗದಷ್ಟಿದ್ದರೆ ಸಾಕು. ಒಂದು ಗ್ರಾಂ ಬಿ12 ಒಬ್ಬ ಮನುಷ್ಯನಿಗೆ ಸಾವಿರ ವರ್ಷಕ್ಕೂ ಮಿಕ್ಕುತ್ತದೆ. ಎಲ್ಲ ಜೀವಸತ್ವಗಳೂ ಇದೇ ರೀತಿ ಕಿಣ್ವದ ಜೊತೆಗೇ ಕೆಲಸ ಮಾಡುತ್ತವೆಂದಲ್ಲ. ಎ ಮತ್ತು ಡಿ ಜೀವಸತ್ವಗಳ ದಾರಿ ಬೇರೆ. ಒಟ್ಟು ಹದಿಮೂರು ಜೀವಸತ್ವಗಳಿವೆ. ಎ, ಡಿ, ಇ, ಕೆ ಕೊಬ್ಬಿನಲ್ಲಿ ಕರಗುವಂಥವು. ಬಿ ಗುಂಪಿನ ಎಂಟು ಮತ್ತು ಸಿ ನೀರಿನಲ್ಲಿ ಕರಗುವಂಥವು. ಹದಿಮೂರನ್ನೂ ಪಾಠದಂತೆ ಒಪ್ಪಿಸುತ್ತ ಹೋಗುವುದಿಲ್ಲ. ನಮ್ಮ ಹೊಲ, ಕೊಟ್ಟಿಗೆ, ಒಲೆ ಇವುಗಳಿಗೆ ಸಂಬಂಧಿಸಿದ ಕೆಲವನ್ನು ಮಾತ್ರ ಹೇಳುತ್ತೇನೆ.

ಅಕ್ಕಿಯಿಂದ ಪ್ರಾರಂಭಿಸೋಣ. ಜೀವಸತ್ವಗಳ ಶಾಸ್ತ್ರ ಹುಟ್ಟಿದ್ದೇ ಅಕ್ಕಿಯಿಂದ ಎಂದರೆ ಹೆಚ್ಚಲ್ಲ. 1890ರ ಸುಮಾರಿಗೆ ಜಾವಾ ದ್ವೀಪದ ಬಟಾವಿಯಾದಲ್ಲಿ, ಎಂದರೆ ಇಂದಿನ ಜಕಾರ್ತಾದಲ್ಲಿ, ಕ್ರಿಶ್ಚಿಯಾನ್ ಐಕ್‌ಮನ್ ಎಂಬ ಡಚ್ ವೈದ್ಯ ಬೆರಿಬೆರಿ ರೋಗದ ಕಾರಣವನ್ನು ಹುಡುಕುತ್ತಿದ್ದ. ಕಾಲು ಸೋತು, ಜೋಮು ಹಿಡಿದು, ಕೆಲವರಿಗೆ ಮೈ ಬಾತು, ಕೊನೆಗೆ ಹೃದಯವೇ ನಿಲ್ಲುವ ರೋಗ ಅದು. ಕಾರಣ ರೋಗಾಣು ಇರಬೇಕೆಂದು ಆತ ಕೋಳಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ. ಒಮ್ಮೆ ಕೋಳಿಗಳಿಗೆಲ್ಲ ಕಾಲು ಸೋತವು. ಕೆಲವು ತಿಂಗಳಾದ ಮೇಲೆ ತಾವಾಗಿಯೇ ಗುಣವಾದವು. ವಿಚಾರಿಸಿದಾಗ ತಿಳಿದದ್ದು ಇಷ್ಟು: ಆಸ್ಪತ್ರೆಯ ಅಡಿಗೆಯಲ್ಲಿ ಉಳಿದ ಬಿಳಿ ಅನ್ನವನ್ನು ಕೋಳಿಗಳಿಗೆ ಹಾಕುತ್ತಿದ್ದರು. ಹೊಸದಾಗಿ ಬಂದ ಅಡಿಗೆಯವನು ಸೈನ್ಯದ ಅಕ್ಕಿಯನ್ನು ಕೋಳಿಗೆ ಕೊಡುವುದಿಲ್ಲವೆಂದು ಹಟ ಹಿಡಿದ. ಆಗ ಅವಕ್ಕೆ ಪಾಲಿಷ್ ಮಾಡದ ಒರಟು ಅಕ್ಕಿ ಸಿಕ್ಕಿತು, ರೋಗ ಹೋಯಿತು. ಬಿಳಿ ಅಕ್ಕಿಯಲ್ಲಿ ಏನೋ ವಿಷವಿದೆ, ತೌಡಿನಲ್ಲಿ ಅದಕ್ಕೆ ಮದ್ದಿದೆ ಎಂದು ಐಕ್‌ಮನ್ ಭಾವಿಸಿದ. 1901ರಲ್ಲಿ ಅವನ ನಂತರ ಬಂದ ಗೆರಿಟ್ ಗ್ರೈನ್ಸ್, ವಿಷವೇನೂ ಇಲ್ಲ, ತೌಡಿನಲ್ಲಿರುವ ಅಗತ್ಯ ವಸ್ತುವೊಂದು ಬಿಳಿ ಅಕ್ಕಿಯಲ್ಲಿ ಇಲ್ಲ, ಅಷ್ಟೆ ಎಂದು ಸರಿಯಾಗಿ ಹೇಳಿದ. 1912ರಲ್ಲಿ ಕ್ಯಾಸಿಮಿರ್ ಫುಂಕ್ ಇಂಥ ವಸ್ತುಗಳಿಗೆ ವಿಟಮಿನ್ ಎಂಬ ಹೆಸರಿಟ್ಟ. 1926ರಲ್ಲಿ ಯಾನ್ಸೆನ್ ಮತ್ತು ಡೋನತ್ ಎಂಬಿಬ್ಬರು ಅದೇ ಜಾವಾದಲ್ಲಿ ತೌಡಿನಿಂದ ಅದರ ಹರಳುಗಳನ್ನು ತೆಗೆದರು. ಅದೇ ಬಿ1, ಥಯಮಿನ್. ನಮ್ಮ ನೆರೆಯ ಕೂನೂರಿನಲ್ಲಿ 1918ರಲ್ಲಿ ಮೆಕ್ಯಾರಿಸನ್ ಸಾಹೇಬರು ಒಂದು ಕೋಣೆಯಲ್ಲಿ ಆರಂಭಿಸಿದ್ದು ಕೂಡ ಬೆರಿಬೆರಿ ವಿಚಾರಣೆಯನ್ನೇ. ಅದೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ರಾಷ್ಟ್ರೀಯ ಪೋಷಣಾ ಸಂಸ್ಥೆಯಾಯಿತು.

ಈಗ ಥಯಮಿನ್ ಒಳಗೆ ಮಾಡುವ ಕೆಲಸ ನೋಡಿ. ಅನ್ನದ ಪಿಷ್ಟ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತದೆ. ಜೀವಕೋಶದೊಳಗೆ ಆ ಗ್ಲೂಕೋಸ್ ಮೊದಲು ಎರಡು ತುಂಡಾಗಿ ಪೈರುವಿಕ್ ಆಮ್ಲವಾಗುತ್ತದೆ. ಇಲ್ಲಿಯವರೆಗೆ ಸಿಗುವ ಶಕ್ತಿ ಸ್ವಲ್ಪ. ಮುಂದೆ ಆ ಪೈರುವಿಕ್ ಆಮ್ಲ ಪೂರ್ತಿ ಉರಿದು ಇಂಗಾಲಾಮ್ಲ ಮತ್ತು ನೀರಾದಾಗಲೇ ನಿಜವಾದ ಶಕ್ತಿ ದೊರೆಯುವುದು. ಈ ಎರಡು ಘಟ್ಟಗಳ ನಡುವೆ ಒಂದು ಗೇಟು ಇದೆ. ಅದನ್ನು ತೆರೆಯುವ ಕಿಣ್ವಕ್ಕೆ ಗುಳ ಥಯಮಿನ್. ಥಯಮಿನ್ ಇಲ್ಲದಿದ್ದರೆ ಕಾಲುವೆಯ ತೂಬು ಮುಚ್ಚಿದಂತೆ ಪೈರುವಿಕ್ ಆಮ್ಲವೂ ಲ್ಯಾಕ್ಟಿಕ್ ಆಮ್ಲವೂ ಮೇಲೆ ಕಟ್ಟಿಕೊಳ್ಳುತ್ತವೆ, ಕೆಳಗೆ ಹರಿಯುವುದಿಲ್ಲ. ಹೊಟ್ಟೆ ತುಂಬ ಅನ್ನ ಉಂಡೂ ನರ, ಮಿದುಳು, ಹೃದಯ ಹಸಿದಿರುತ್ತವೆ. ಮಿದುಳು ಮತ್ತು ನರಗಳು ಹೆಚ್ಚಾಗಿ ಗ್ಲೂಕೋಸನ್ನೇ ನಂಬಿರುವುದರಿಂದ ಅವಕ್ಕೇ ಮೊದಲ ಪೆಟ್ಟು. ಆಕ್ಸ್‌ಫರ್ಡಿನಲ್ಲಿ 1930ರ ದಶಕದಲ್ಲಿ ರುಡಾಲ್ಫ್ ಪೀಟರ್ಸ್ ಎಂಬ ವಿಜ್ಞಾನಿ ಬಿಳಿ ಅಕ್ಕಿ ತಿನ್ನಿಸಿದ ಪಾರಿವಾಳಗಳಲ್ಲಿ ಇದನ್ನು ತೋರಿಸಿಕೊಟ್ಟರು. ಕತ್ತು ಹಿಂದಕ್ಕೆ ಸೆಟೆದು ಬಿದ್ದ ಪಾರಿವಾಳಕ್ಕೆ ಥಯಮಿನ್ ಕೊಟ್ಟರೆ ಕೆಲವೇ ಗಂಟೆಗಳಲ್ಲಿ ಎದ್ದು ನಿಲ್ಲುತ್ತಿತ್ತು.

ಪಿಷ್ಟ ಹೆಚ್ಚು ತಿಂದಷ್ಟೂ ಥಯಮಿನ್ ಹೆಚ್ಚು ಬೇಕು ಎಂಬುದು ಇದರಿಂದ ಸ್ಪಷ್ಟ. ಕಷ್ಟದ ಕೆಲಸ ಮಾಡುವ ಗಂಡಸಿಗೆ ದಿನಕ್ಕೆ ಎರಡು ಮಿಲಿಗ್ರಾಂಗಿಂತ ಸ್ವಲ್ಪ ಮೇಲೆ ಬೇಕಾಗುತ್ತದೆ. ಹೈದರಾಬಾದಿನ ಸಂಸ್ಥೆ ಹಿಂದೆ ಪ್ರಕಟಿಸಿದ ಆಹಾರ ಕೋಷ್ಟಕದ ಪ್ರಕಾರ 100 ಗ್ರಾಂ ಬೆಳ್ತಿಗೆ ಅಕ್ಕಿಯಲ್ಲಿ, ಗಿರಣಿಯಲ್ಲಿ ಪಾಲಿಷ್ ಆದದ್ದಾದರೆ, 0.06 ಮಿಲಿಗ್ರಾಂ, ಒನಕೆಯಲ್ಲಿ ಕುಟ್ಟಿದ್ದಾದರೆ 0.21, ಗಿರಣಿಯದೇ ಆದ ಕುಸುಬಲಕ್ಕಿಯಲ್ಲಿ 0.21, ರಾಗಿಯಲ್ಲಿ 0.42, ತೌಡಿನಲ್ಲಿ 2.70. ದಿನಕ್ಕೆ 400 ಗ್ರಾಂ ಬಿಳಿ ಅಕ್ಕಿ ಉಣ್ಣುವವನಿಗೆ ಅದರಿಂದ ಕಾಲು ಮಿಲಿಗ್ರಾಂ ಕೂಡ ಸಿಗಲಿಲ್ಲ. ಅಷ್ಟೇ ರಾಗಿ ಉಣ್ಣುವವನಿಗೆ ಒಂದೂಮುಕ್ಕಾಲು ಮಿಲಿಗ್ರಾಂನ ಹತ್ತಿರ ಸಿಕ್ಕಿತು. ರಾಗಿ ಕಾಳು ಸಣ್ಣದು, ತೌಡನ್ನು ಬೇರ್ಪಡಿಸುವುದು ಕಷ್ಟ, ಇಡಿಯಾಗಿ ಬೀಸಿ ಉಣ್ಣುತ್ತೇವೆ. ಮುದ್ದೆ ಉಣ್ಣುವವರ ಭಾಗ್ಯ ಅದು! ಈಚೆಗೆ ರಾಗಿ ಹಿಟ್ಟನ್ನೂ ನುಣ್ಣಗೆ ಜರಡಿ ಹಿಡಿದು ಬೆಳ್ಳಗೆ ಮಾಡಿ ಮಾರುವ ಅಭ್ಯಾಸ ಕಾಣುತ್ತಿದೆ. ಅಂಥ ಹಿಟ್ಟಿಗೆ ಹೆಚ್ಚು ಬೆಲೆ ಕೊಡುವುದು ನನಗೆ ಅರ್ಥವಾಗದ ವ್ಯಾಪಾರ.

ದಕ್ಷಿಣ ಕನ್ನಡ, ಉಡುಪಿ ಕಡೆಯವರು ಕುಸುಬಲಕ್ಕಿ ಉಣ್ಣುವುದನ್ನು ಘಟ್ಟದ ಮೇಲಿನವರು ಕೆಲವರು ಹಾಸ್ಯ ಮಾಡುವುದುಂಟು. ಹಾಸ್ಯ ಮಾಡುವಂಥದೇನಿಲ್ಲ. ಭತ್ತವನ್ನು ನೆನೆಸಿ ಬೇಯಿಸಿದಾಗ ಹೊರಪದರ ಮತ್ತು ಮೊಳಕೆಯ ಭಾಗದಲ್ಲಿರುವ ಥಯಮಿನ್ ನೀರಿನೊಡನೆ ಕಾಳಿನ ಒಳಕ್ಕೆ ಇಳಿಯುತ್ತದೆ. ಪಿಷ್ಟ ಬೆಂದು ಅಂಟಾಗಿ, ಒಣಗಿದ ಮೇಲೆ ಗಟ್ಟಿಯಾಗಿ, ಅದನ್ನು ಅಲ್ಲಿಯೇ ಹಿಡಿದಿಡುತ್ತದೆ. ಆಮೇಲೆ ಗಿರಣಿಯಲ್ಲಿ ಎಷ್ಟು ಉಜ್ಜಿದರೂ, ತೊಳೆದರೂ ಹೋಗುವುದು ಕಡಿಮೆ. ಬೆಳ್ತಿಗೆ ಅಕ್ಕಿಯ ಸ್ಥಿತಿ ಹಾಗಲ್ಲ. ಮೂರು ನಾಲ್ಕು ಸಾರಿ ಕೈಯಿಂದ ಉಜ್ಜಿ ತೊಳೆದರೆ ಉಳಿದ ಸ್ವಲ್ಪದಲ್ಲೂ ಕಾಲು ಭಾಗಕ್ಕೂ ಹೆಚ್ಚು ನೀರಿನೊಡನೆ ಹೋಗುತ್ತದೆ. ಗಂಜಿ ಬಸಿದರೆ ಇನ್ನೊಂದಷ್ಟು. ಬಸಿದ ಗಂಜಿಯನ್ನು ಚೆಲ್ಲದೆ ಉಪ್ಪು ಹಾಕಿ ಕುಡಿಯುತ್ತಿದ್ದ ಹಿಂದಿನವರಿಗೆ ಈ ಲೆಕ್ಕ ತಿಳಿದಿರಲಿಲ್ಲ, ಆದರೆ ಲಾಭ ಸಿಗುತ್ತಿತ್ತು. ಅಡಿಗೆಗೆ ಸೋಡಾ ಹಾಕಬೇಡಿ. ಬೇಳೆ ಬೇಗ ಬೇಯುತ್ತದೆಂಬುದು ನಿಜ, ಆದರೆ ಕ್ಷಾರದಲ್ಲಿ ಥಯಮಿನ್ ಉಳಿಯುವುದಿಲ್ಲ.

ಇಲ್ಲಿ ಒಂದು ವಿನೋದವಿದೆ. ಥಯಮಿನ್ ತುಂಬಿದ ತೌಡನ್ನು ನಾವು ಹಸುವಿಗೆ ಹಾಕಿ ಬಿಳಿ ಅಕ್ಕಿಯನ್ನು ನಾವು ಉಣ್ಣುತ್ತೇವೆ. ಹಸುವಿಗೆ ಆ ಥಯಮಿನ್ ಬೇಕಾಗಿಯೇ ಇಲ್ಲ! ಮೆಲುಕು ಹಾಕುವ ಪ್ರಾಣಿಗಳ ದೊಡ್ಡ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಬಿ ಗುಂಪಿನ ಜೀವಸತ್ವಗಳನ್ನೆಲ್ಲ ತಯಾರಿಸಿಕೊಡುತ್ತವೆ. ತೌಡಿನಲ್ಲಿರುವ ಸಸಾರಜನಕ, ಎಣ್ಣೆ, ರಂಜಕ ಇವುಗಳಿಂದ ಹಸುವಿಗೆ ಪ್ರಯೋಜನವಿದೆ, ಹಾಕಬೇಡಿ ಎಂದು ನಾನು ಹೇಳುತ್ತಿಲ್ಲ. ನಮ್ಮ ಪಾಲಿನದನ್ನೂ ಪೂರ್ತಿ ಕೊಟ್ಟುಬಿಡಬೇಡಿ ಎನ್ನುತ್ತೇನೆ. ಗಿರಣಿಯವನಿಗೆ "ಒಂದು ಪಾಲಿಷ್ ಸಾಕು" ಎಂದು ಹೇಳುವುದಕ್ಕೆ ಖರ್ಚೇನೂ ಇಲ್ಲ. ಒಂದು ತೊಂದರೆ ಮಾತ್ರ ಇದೆ: ತೌಡು ಉಳಿದ ಅಕ್ಕಿಯಲ್ಲಿ ಎಣ್ಣೆ ಇರುವುದರಿಂದ ಬೇಗ ಮುಗ್ಗಲು ವಾಸನೆ ಬರುತ್ತದೆ, ಹುಳವೂ ಬೇಗ ಬೀಳುತ್ತದೆ. ಆದ್ದರಿಂದ ತಿಂಗಳಿಗೆ ಬೇಕಾದಷ್ಟನ್ನು ಮಾತ್ರ ಗಿರಣಿಗೆ ಒಯ್ಯಿರಿ. ಉಳಿದದ್ದು ಭತ್ತವಾಗಿಯೇ ಇರಲಿ.

ಥಯಮಿನ್ನಿನ ಕೊರತೆ ಇಂದಿಗೂ ಕಾಣಿಸುವ ಒಂದು ಕಡೆ ಇದೆ. ಅದು ವಿಪರೀತ ಹೆಂಡ ಕುಡಿಯುವವರಲ್ಲಿ. ಕುಡಿತದಿಂದ ಊಟ ಬಿಡುತ್ತದೆ, ತಿಂದದ್ದರಲ್ಲಿರುವ ಥಯಮಿನ್ನೂ ಕರುಳಿನಿಂದ ಸರಿಯಾಗಿ ರಕ್ತಕ್ಕೆ ಸೇರುವುದಿಲ್ಲ. ಶರೀರದಲ್ಲಿರುವ ದಾಸ್ತಾನು ಎರಡು ಮೂರು ವಾರಕ್ಕೆ ಮುಗಿಯುವಂಥದು. ಅಂಥವನು ನಿತ್ರಾಣನಾಗಿ ಬಿದ್ದಾಗ ಮನೆಯವರು "ಒಂದು ಗ್ಲೂಕೋಸ್ ಬಾಟ್ಲಿ ಹಾಕ್ಸಿ" ಎಂದು ಒತ್ತಾಯಿಸುತ್ತಾರೆ. ಈಗ ನೀವೇ ಯೋಚಿಸಿ: ಗೇಟು ಮುಚ್ಚಿರುವಾಗ ಮೇಲಿನಿಂದ ಇನ್ನಷ್ಟು ನೀರು ಬಿಟ್ಟರೆ ಏನಾದೀತು? ಉಳಿದ ಅಷ್ಟಿಷ್ಟು ಥಯಮಿನ್ನೂ ಖರ್ಚಾಗಿ, ಕಣ್ಣುಗುಡ್ಡೆ ಸರಿಯಾಗಿ ಹೊರಳದೆ, ಹೆಜ್ಜೆ ತೂಕ ತಪ್ಪಿ, ಬುದ್ಧಿ ಮಂಕಾಗುವ ಸಂಭವ ಉಂಟು. ಬಿಟ್ಟರೆ ಪ್ರಾಣಕ್ಕೂ ಅಪಾಯ, ಬದುಕಿದರೂ ನೆನಪಿನ ಶಕ್ತಿ ಮರಳದೆ ಹೋಗಬಹುದು. ಅದಕ್ಕಾಗಿ ವೈದ್ಯರು ಮೊದಲು ಥಯಮಿನ್ ಸೂಜಿ ಕೊಟ್ಟು ಅನಂತರ, ಇಲ್ಲವೇ ಅದರ ಜೊತೆಗೇ, ಗ್ಲೂಕೋಸ್ ಕೊಡುತ್ತಾರೆ. ಮನೆಯವರು ನಾಚಿಕೆಯಿಂದ ಕುಡಿತದ ವಿಷಯ ಮುಚ್ಚಿಟ್ಟರೆ ವೈದ್ಯರಿಗೆ ತಿಳಿಯುವುದು ಹೇಗೆ? ಈ ಒಂದು ಮಾತನ್ನು ವಿಸ್ತರಣಾ ಕಾರ್ಯಕರ್ತರು ಹಳ್ಳಿಗಳಲ್ಲಿ ತಪ್ಪದೆ ಹೇಳಬೇಕು.

ಇನ್ನು ಜೋಳದ ವಿಷಯ. ಬಯಲುಸೀಮೆಯ ಗೆಳೆಯರು ಇಲ್ಲಿ ಗಮನವಿಟ್ಟು ಕೇಳಬೇಕು. ಬಿ ಗುಂಪಿನಲ್ಲಿ ನಯಾಸಿನ್ ಎಂಬುದೊಂದಿದೆ. ಆಹಾರ ಉರಿಯುವಾಗ ಅದರಿಂದ ಬಿಡುಗಡೆಯಾಗುವ ಜಲಜನಕವನ್ನು ಹೊತ್ತು, ಆಮ್ಲಜನಕದೊಡನೆ ಕೂಡುವ ಕಡೆಗೆ ಸಾಗಿಸುವ ಗಾಡಿ ಇದರಿಂದ ತಯಾರಾಗುತ್ತದೆ. ಗಾಡಿ ಹೇರು ಇಳಿಸಿ ಖಾಲಿಯಾಗಿ ಮತ್ತೆ ಬರುತ್ತದೆ. ಗಾಡಿಗಳು ಕಡಿಮೆಯಾದರೆ ಶರೀರದ ಎಲ್ಲ ಕೆಲಸವೂ ಕುಂಟುತ್ತದೆ. ಬಿಸಿಲಿನಿಂದ ಚರ್ಮದ ಜೀವಕೋಶಗಳಿಗೆ ಆಗುವ ಹಾನಿಯ ರಿಪೇರಿಗೂ ಇದೇ ವಸ್ತು ಬೇಕು. ಆದ್ದರಿಂದ ಕೊರತೆ ಬಂದಾಗ ಬಿಸಿಲು ಬೀಳುವ ಕಡೆಯಲ್ಲೇ, ಎಂದರೆ ಕತ್ತಿನ ಸುತ್ತ, ಮುಂಗೈ, ಪಾದಗಳ ಮೇಲೆ, ಚರ್ಮ ಕಪ್ಪಗಾಗಿ ಒಡೆದು ಸುಲಿಯುತ್ತದೆ. ಎರಡೂ ಕಡೆ ಒಂದೇ ಸಮನಾಗಿ ಕಾಣಿಸುವುದು ಇದರ ಗುರುತು. ಜೊತೆಗೆ ಭೇದಿ, ನಾಲಗೆ ಹುಣ್ಣು, ನಿದ್ದೆಗೇಡು, ಮಂಕು, ಕಡೆಗೆ ಬುದ್ಧಿಭ್ರಮಣೆ. ಈ ರೋಗಕ್ಕೆ ಪೆಲ್ಲಾಗ್ರ ಎನ್ನುತ್ತಾರೆ.

ಅಮೆರಿಕೆಯ ದಕ್ಷಿಣ ಭಾಗದಲ್ಲಿ, ಮುಸುಕಿನ ಜೋಳವೇ ಮುಖ್ಯ ಆಹಾರವಾಗಿದ್ದ ಬಡವರಲ್ಲಿ, ಇದು ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಇದು ಅಂಟುರೋಗವೆಂದು ಎಲ್ಲರೂ ಹೇಳುತ್ತಿದ್ದಾಗ ಡಾ. ಜೋಸೆಫ್ ಗೋಲ್ಡ್‌ಬರ್ಗರ್ 1915ರಲ್ಲಿ ಮಿಸಿಸಿಪ್ಪಿ ರಾಜ್ಯದ ಸೆರೆಮನೆಯ ಫಾರಂ ಒಂದರಲ್ಲಿ 11 ಮಂದಿ ಕೈದಿಗಳಿಗೆ, ಬಿಡುಗಡೆಯ ಭರವಸೆಯ ಮೇಲೆ, ಮುಸುಕಿನ ಜೋಳವೇ ಪ್ರಧಾನವಾದ ಊಟ ಕೊಟ್ಟು ನೋಡಿದ. ಆರು ಮಂದಿಗೆ ರೋಗ ಬಂತು. ಆಹಾರವೇ ಕಾರಣವೆಂದು ಸಿದ್ಧವಾಯಿತು. 1937ರಲ್ಲಿ ಎಲ್ವೆಜೆಮ್ ಎಂಬ ವಿಜ್ಞಾನಿ ನಾಯಿಗಳಲ್ಲಿ ಬರುವ ಇಂಥದೇ ರೋಗ ನಿಕೋಟಿನಿಕ್ ಆಮ್ಲದಿಂದ ಗುಣವಾಗುವುದನ್ನು ತೋರಿಸಿದ. ಅದೇ ನಯಾಸಿನ್. ಮುಸುಕಿನ ಜೋಳದಲ್ಲಿ ನಯಾಸಿನ್ ಇಲ್ಲವೆಂದಲ್ಲ, ಅದು ಬೇರೆ ವಸ್ತುಗಳಿಗೆ ಅಂಟಿಕೊಂಡು ಕರುಳಿಗೆ ಎಟುಕದಂತೆ ಇರುತ್ತದೆ. ಮೆಕ್ಸಿಕೋದ ಹಳ್ಳಿಗರು ಹಿಂದಿನಿಂದಲೂ ಕಾಳನ್ನು ಸುಣ್ಣದ ನೀರಿನಲ್ಲಿ ಬೇಯಿಸಿ, ನೆನೆಸಿ, ಅರೆದು ರೊಟ್ಟಿ ತಟ್ಟುತ್ತಾರೆ. ಸುಣ್ಣ ಆ ಅಂಟನ್ನು ಬಿಡಿಸುತ್ತದೆ. ಮುಸುಕಿನ ಜೋಳದ ಬೀಜ ದೇಶದೇಶಕ್ಕೆ ಹೋಯಿತು, ಸುಣ್ಣದ ವಿದ್ಯೆ ಅದರ ಜೊತೆ ಹೋಗಲಿಲ್ಲ.

ನಮ್ಮ ದಖ್ಖನದಲ್ಲಿ ಮಾತ್ರ ಈ ರೋಗ ಬಿಳಿ ಜೋಳ ಉಣ್ಣುವವರಲ್ಲಿ ಕಂಡುಬಂದದ್ದು ವಿಜ್ಞಾನಿಗಳಿಗೆ ಒಗಟಾಯಿತು. ಏಕೆಂದರೆ ಜೋಳದಲ್ಲಿರುವ ನಯಾಸಿನ್ ಪಾಲಿಷ್ ಅಕ್ಕಿಯಲ್ಲಿರುವುದಕ್ಕಿಂತ ಹೆಚ್ಚು. ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಶರೀರ ಟ್ರಿಪ್ಟೊಫಾನ್ ಎಂಬ ಅಮೈನೋ ಆಮ್ಲದಿಂದ ಸ್ವಲ್ಪ ನಯಾಸಿನ್ ತಾನೇ ಮಾಡಿಕೊಳ್ಳಬಲ್ಲದು. ಸುಮಾರು 60 ಮಿಲಿಗ್ರಾಂ ಟ್ರಿಪ್ಟೊಫಾನಿಗೆ ಒಂದು ಮಿಲಿಗ್ರಾಂ ನಯಾಸಿನ್. 1960ರಲ್ಲಿ ಹೈದರಾಬಾದಿನಲ್ಲಿ ಡಾ. ಸಿ. ಗೋಪಾಲನ್ ಮತ್ತು ಅವರ ಸಹೋದ್ಯೋಗಿಗಳು, ಜೋಳದಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಅತಿಯಾಗಿದ್ದು ಅದು ಈ ಮಾರ್ಪಾಡಿಗೆ ಅಡ್ಡಿ ಮಾಡುತ್ತದೆಂದು ಸೂಚಿಸಿದರು. ಲ್ಯೂಸಿನ್ ಕಡಿಮೆ ಇರುವ ಜೋಳದ ತಳಿಗಳನ್ನು ಹುಡುಕುವ ಕೆಲಸವೂ ನಡೆಯಿತು. ಮುಂದೆ ಬೇರೆಯವರು ಮಾಡಿದ ಪ್ರಯೋಗಗಳೆಲ್ಲ ಇದನ್ನು ಸಮರ್ಥಿಸಲಿಲ್ಲ, ಆದ್ದರಿಂದ ಇದನ್ನು ಕೊನೆಯ ಮಾತೆಂದು ನಾನು ಹೇಳುವುದಿಲ್ಲ. ಬರಿಯ ಜೋಳದ ಮೇಲೆ, ಬೇಳೆ ಹಾಲು ಯಾವುದೂ ಇಲ್ಲದೆ ತಿಂಗಳುಗಟ್ಟಲೆ ಇದ್ದ ಬಡ ಕೂಲಿಕಾರರಿಗೆ ರೋಗ ಬರುತ್ತಿತ್ತು ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಹಾಗಾದರೆ ಜೋಳ ಬಿಡಬೇಕೆ? ಖಂಡಿತ ಬೇಡ. ಜೋಳದ ರೊಟ್ಟಿಯ ಜೊತೆ ಶೇಂಗಾ ಚಟ್ನಿಪುಡಿ, ಬೇಳೆ ಪಲ್ಯ, ಮೊಸರು ಇಟ್ಟುಕೊಳ್ಳುವ ನಮ್ಮ ಉತ್ತರ ಕರ್ನಾಟಕದ ಊಟವನ್ನು ಜೀವರಸಾಯನಶಾಸ್ತ್ರದ ಕಣ್ಣಿನಿಂದ ನೋಡಿದರೆ ಅದರಲ್ಲಿ ತಿದ್ದಬೇಕಾದದ್ದು ಏನೂ ಕಾಣಿಸುವುದಿಲ್ಲ. 100 ಗ್ರಾಂ ಶೇಂಗಾದಲ್ಲಿ 20 ಮಿಲಿಗ್ರಾಂನಷ್ಟು ನಯಾಸಿನ್ ಇದೆ, ಎಂದರೆ ಜೋಳದ ಆರು ಪಟ್ಟು. ಹಾಲಿನಲ್ಲಿ ಟ್ರಿಪ್ಟೊಫಾನ್ ಇದೆ. ಎರಡು ಚಮಚ ಚಟ್ನಿಪುಡಿಯನ್ನು ಬಡವರ ಊಟದಿಂದ ತೆಗೆದಾಗಲೇ ತೊಂದರೆ ಬಂದದ್ದು. ಜೋಳದಲ್ಲಿ ತೊಗರಿ ಅಕ್ಕಡಿ ಹಾಕುವುದನ್ನು ನಾವು ಮಣ್ಣಿನ ಸಾರಜನಕದ ಲೆಕ್ಕದಲ್ಲಿ ಹೊಗಳುತ್ತೇವೆ. ಅಕ್ಕಡಿ ಸಾಲು ತಟ್ಟೆಯಲ್ಲೂ ಇರಬೇಕೆಂದು ನನ್ನ ಅಭಿಪ್ರಾಯ.

ಎ ಜೀವಸತ್ವಕ್ಕೆ ಬರೋಣ. ಕಣ್ಣಿನ ಹಿಂದಿನ ಪರದೆಯಲ್ಲಿ ಮಂದ ಬೆಳಕನ್ನು ಹಿಡಿಯುವ ಜೀವಕೋಶಗಳಿವೆ. ಅವುಗಳಲ್ಲಿ ಒಂದು ನೇರಳೆಗೆಂಪು ಬಣ್ಣದ ವಸ್ತುವಿದೆ. ಒಂದು ಸಸಾರಜನಕಕ್ಕೆ ಎ ಜೀವಸತ್ವ ಸೇರಿ ಅದು ಆಗಿದೆ. ಬೆಳಕು ಬಿದ್ದೊಡನೆ ಎ ಜೀವಸತ್ವದ ಬಾಗಿದ ಅಣು ನೇರವಾಗುತ್ತದೆ, ನರಕ್ಕೆ ಸುದ್ದಿ ಹೋಗುತ್ತದೆ. ಮುಂದಿನ ಬೆಳಕಿಗೆ ಸಿದ್ಧವಾಗಲು ಆ ಬಣ್ಣ ಮತ್ತೆ ತಯಾರಾಗಬೇಕು. ಸರಕು ಕಡಿಮೆಯಾದರೆ ಮುಸ್ಸಂಜೆಯಲ್ಲಿ ಮಗು ಹೊಸ್ತಿಲು ಎಡವುತ್ತದೆ, ತಟ್ಟೆ ಹುಡುಕುತ್ತದೆ. ಇದೇ ಇರುಳುಗುರುಡು. ಇದನ್ನು ಅಲಕ್ಷಿಸಿದರೆ ಬಿಳಿಗುಡ್ಡೆ ಒಣಗಿ, ಮೇಲೆ ನೊರೆಯಂಥ ಚುಕ್ಕೆ ಎದ್ದು, ಕೊನೆಗೆ ಕರಿಗುಡ್ಡೆಯೇ ಕರಗಿಹೋಗುತ್ತದೆ. ಆ ಮೇಲೆ ಯಾವ ಔಷಧಕ್ಕೂ ದೃಷ್ಟಿ ಬರುವುದಿಲ್ಲ. ದಡಾರ ಬಂದ ಮಗುವಿನಲ್ಲಿ ಈ ಇಳಿಜಾರು ಕೆಲವೇ ದಿನಗಳದು. 1970ರಲ್ಲಿ ನಮ್ಮ ದೇಶದಲ್ಲಿ ಮಕ್ಕಳಿಗೆ ಆರು ತಿಂಗಳಿಗೊಮ್ಮೆ ಎ ಜೀವಸತ್ವದ ದ್ರಾವಣ ಕುಡಿಸುವ ಕಾರ್ಯಕ್ರಮ ಆರಂಭವಾದದ್ದು ಇದಕ್ಕಾಗಿಯೇ. ಆರು ತಿಂಗಳಿಗೊಮ್ಮೆ ಕೊಟ್ಟರೆ ಸಾಕಾಗುವುದೇಕೆಂದರೆ ಇದು ಕೊಬ್ಬಿನಲ್ಲಿ ಕರಗುವಂಥದು, ಪಿತ್ತಜನಕಾಂಗದಲ್ಲಿ ದಾಸ್ತಾನಾಗುತ್ತದೆ. ದಾಸ್ತಾನಾಗುವುದರಿಂದಲೇ ಅತಿಯಾದರೆ ವಿಷ. ಬಸುರಿಯರು ವೈದ್ಯರನ್ನು ಕೇಳದೆ ಎ ಜೀವಸತ್ವದ ಮಾತ್ರೆ ತೆಗೆದುಕೊಳ್ಳಲೇಬಾರದು. ಬಿ ಗುಂಪು ಹಾಗಲ್ಲ, ಹೆಚ್ಚಾದದ್ದು ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ಶಕ್ತಿಯ ಸೂಜಿಗೆ ಕೊಟ್ಟ ಹಣವೂ ಅದೇ ದಾರಿ ಹಿಡಿಯುತ್ತದೆ.

ಗಿಡಗಳಲ್ಲಿ ಎ ಜೀವಸತ್ವ ಇಲ್ಲ, ಅದರ ಮೂಲವಸ್ತುವಾದ ಕ್ಯಾರೋಟಿನ್ ಇದೆ. ಕರುಳು ಅದನ್ನು ಕತ್ತರಿಸಿ ಎ ಮಾಡಿಕೊಳ್ಳುತ್ತದೆ. ಒಂದು ಭಾಗ ಎ ಸಿಗಲು ಕನಿಷ್ಠ ಆರು ಭಾಗ, ಕೆಲವರ ಲೆಕ್ಕದಂತೆ ಹನ್ನೆರಡು ಭಾಗ ಕ್ಯಾರೋಟಿನ್ ಬೇಕು. ನುಗ್ಗೆಸೊಪ್ಪಿನಲ್ಲಿ 100 ಗ್ರಾಂಗೆ ಆರು ಮಿಲಿಗ್ರಾಂಗೂ ಹೆಚ್ಚು ಕ್ಯಾರೋಟಿನ್ ಇದೆ. ಹರಿವೆ, ಚಕ್ರಮುನಿ, ಕರಿಬೇವು ಇವೆಲ್ಲ ಒಳ್ಳೆಯವೇ. ಕರಿಬೇವನ್ನು ಎಲೆಯ ಅಂಚಿಗೆ ಎತ್ತಿಡದೆ ತಿನ್ನಬೇಕು, ಅಷ್ಟೆ. ಸೊಪ್ಪಿಗೆ ಒಂದು ಚಮಚ ಎಣ್ಣೆಯ ಒಗ್ಗರಣೆ ಬೀಳಲಿ, ಇಲ್ಲವಾದರೆ ಕ್ಯಾರೋಟಿನ್ ಕರುಳನ್ನು ದಾಟುವುದಿಲ್ಲ. ಸೊಪ್ಪನ್ನು ಒಣಗಿಸಿಡುವುದಾದರೆ ನೆರಳಿನಲ್ಲಿ ಒಣಗಿಸಿ.

ಹಸುವಿನ ತುಪ್ಪ ಹಳದಿ, ಎಮ್ಮೆಯ ತುಪ್ಪ ಬಿಳಿ ಏಕೆ ಎಂದು ಯೋಚಿಸಿದ್ದೀರಾ? ಹಸು ತಿಂದ ಹಸಿರಿನ ಕ್ಯಾರೋಟಿನ್ನಿನಲ್ಲಿ ಒಂದು ಭಾಗ ಹಾಗೆಯೇ ಹಾಲಿನ ಕೊಬ್ಬಿಗೆ ಸೇರುತ್ತದೆ. ಎಮ್ಮೆ ಹೆಚ್ಚುಕಡಿಮೆ ಎಲ್ಲವನ್ನೂ ಎ ಜೀವಸತ್ವವಾಗಿ ಮಾರ್ಪಡಿಸಿಬಿಡುತ್ತದೆ, ಅದಕ್ಕೆ ಬಣ್ಣವಿಲ್ಲ. ಹಳದಿ ಇದ್ದರೆ ಮಾತ್ರ ಸತ್ವ ಎಂಬ ವಾದದಲ್ಲಿ ಹುರುಳಿಲ್ಲ. ಕರುವಿನ ಮಾತು ಹೇಳಿಬಿಡುತ್ತೇನೆ. ಹುಟ್ಟಿದ ಕರುವಿನ ಶರೀರದಲ್ಲಿ ಎ ದಾಸ್ತಾನು ಇಲ್ಲವೆನ್ನುವಷ್ಟು ಕಡಿಮೆ, ಅದು ಬರುವುದು ಗಿಣ್ಣದ ಹಾಲಿನಿಂದ. ರೋಗನಿರೋಧಕ ವಸ್ತುಗಳೂ ಅದರಿಂದಲೇ. ಹುಟ್ಟಿದ ಒಂದೆರಡು ಗಂಟೆಯೊಳಗೆ ಕರುವಿಗೆ ಹೊಟ್ಟೆ ತುಂಬ ಗಿಣ್ಣದ ಹಾಲು ಕುಡಿಸಿ, ಮಿಕ್ಕಿದ್ದರಲ್ಲಿ ಗಿಣ್ಣ ಮಾಡಿಕೊಂಡು ತಿನ್ನಿ. ನೆಂಟರಿಗೆ ಮೊದಲ ಪಾಲು ಬೇಡ.

ರಕ್ತಹೀನತೆಯ ವಿಷಯದಲ್ಲಿ ಎರಡು ಹೆಸರು: ಫೋಲಿಕ್ ಆಮ್ಲ ಮತ್ತು ಬಿ12. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುವ ಬಸುರಿಯರ ರಕ್ತಹೀನತೆಯನ್ನು ಪರಿಶೀಲಿಸಿ, ಯೀಸ್ಟಿನ ಸಾರದಿಂದ ಅದು ಗುಣವಾಗುವುದನ್ನು ಕಂಡರು. ಆ ವಸ್ತುವೇ ಫೋಲಿಕ್ ಆಮ್ಲ. ಮುಂದೆ ಅಮೆರಿಕೆಯ ಪ್ರಯೋಗಶಾಲೆಯಲ್ಲಿ ಅದನ್ನು ಕೃತಕವಾಗಿ ತಯಾರಿಸಿದ ತಂಡದ ಮುಖ್ಯಸ್ಥರು ನಮ್ಮ ಆಂಧ್ರದ ಯಲ್ಲಾಪ್ರಗಡ ಸುಬ್ಬರಾವ್. ಜೀವಕೋಶ ಒಡೆದು ಎರಡಾಗಬೇಕಾದರೆ ವಂಶವಾಹಿ ವಸ್ತು ನಕಲಾಗಬೇಕು. ಅದರ ಇಟ್ಟಿಗೆಗಳನ್ನು ಕಟ್ಟಲು ಒಂದೊಂದೇ ಇಂಗಾಲವನ್ನು ಒದಗಿಸುವುದು ಫೋಲಿಕ್ ಆಮ್ಲದ ಕೆಲಸ. ದಿನವೂ ಹೊಸ ರಕ್ತಕಣಗಳನ್ನು ಮಾಡುವ ಎಲುಬಿನ ಮಜ್ಜೆಗೂ ಗರ್ಭದಲ್ಲಿ ಬೆಳೆಯುವ ಶಿಶುವಿಗೂ ಇದು ಹೆಚ್ಚು ಬೇಕು. ಶಿಶುವಿನ ಬೆನ್ನುಹುರಿಯ ನಾಳ ಮುಚ್ಚಿಕೊಳ್ಳುವುದು ಗರ್ಭ ನಿಂತ 28 ದಿನಗಳೊಳಗೆ. ಆಗ ಎಷ್ಟೋ ಹೆಣ್ಣುಮಕ್ಕಳಿಗೆ ತಾವು ಬಸುರಿಯೆಂದೇ ತಿಳಿದಿರುವುದಿಲ್ಲ. ಆದ್ದರಿಂದ ಮೂರನೆಯ ತಿಂಗಳಲ್ಲಿ ಮಾತ್ರೆ ಆರಂಭಿಸಿದರೆ ಈ ಒಂದು ವಿಷಯದಲ್ಲಿ ತಡವಾದಂತೆಯೇ.

ಬಿ12 ಯಾವ ಗಿಡವೂ ಮಾಡದ ಜೀವಸತ್ವ. ಸೂಕ್ಷ್ಮಜೀವಿಗಳು ಮಾತ್ರ ಮಾಡಬಲ್ಲವು. ಅದರ ನಡುವೆ ಕೋಬಾಲ್ಟ್ ಲೋಹದ ಒಂದು ಕಣವಿದೆ. ಮಣ್ಣಿನಲ್ಲಿ ಕೋಬಾಲ್ಟ್ ಕಡಿಮೆಯಿರುವ ಆಸ್ಟ್ರೇಲಿಯಾದ ಕೆಲವು ಹುಲ್ಲುಗಾವಲುಗಳಲ್ಲಿ ಕುರಿಗಳು ಹೊಟ್ಟೆ ತುಂಬ ಮೇಯ್ದೂ ಸೊರಗಿ ಸಾಯುತ್ತಿದ್ದುದು ಇದಕ್ಕಾಗಿ. ಸಸ್ಯಾಹಾರಿಗಳಿಗೆ ಹಾಲು ಮೊಸರೇ ಇದರ ಮೂಲ. ಹಾಲನ್ನೆಲ್ಲ ಡೈರಿಗೆ ಅಳೆದು ಮನೆಗೆ ಕಾಫಿಗಷ್ಟೇ ಉಳಿಸಿಕೊಳ್ಳುವವರು ಇದನ್ನು ಯೋಚಿಸಬೇಕು. ಪಾದ ಜುಮ್ಮೆನ್ನುವುದೆಲ್ಲ ಸಕ್ಕರೆ ಕಾಯಿಲೆಯಲ್ಲ, ಬಿ12 ಕೊರತೆಯೂ ಇರಬಹುದು. ಬರಿಯ ಫೋಲಿಕ್ ಮಾತ್ರೆ ನುಂಗುತ್ತಿದ್ದರೆ ರಕ್ತ ಸರಿಹೋದಂತೆ ಕಂಡು ಒಳಗೆ ನರ ಹಾಳಾಗುತ್ತಲೇ ಇರುತ್ತದೆ.

ಪಡಿತರದ ಅಕ್ಕಿಯಲ್ಲಿ ಪ್ಲಾಸ್ಟಿಕ್ ಕಾಳು ಬಂದಿದೆ ಎಂದು ಹಲವು ಊರುಗಳಲ್ಲಿ ಗುಲ್ಲೆದ್ದಿತ್ತು. ಅದು ಪ್ಲಾಸ್ಟಿಕ್ ಅಲ್ಲ. 2021ರಲ್ಲಿ ಘೋಷಿಸಿ 2024ರ ಮಾರ್ಚ್ ವೇಳೆಗೆ ದೇಶದ ಪಡಿತರಕ್ಕೆಲ್ಲ ವಿಸ್ತರಿಸಿದ ಸಾರವರ್ಧಿತ ಅಕ್ಕಿಯ ಕಾಳು ಅದು. ಅಕ್ಕಿ ಹಿಟ್ಟಿಗೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಬೆರೆಸಿ ಕಾಳಿನ ಆಕಾರದಲ್ಲಿ ಒತ್ತಿ, ಕ್ವಿಂಟಲಿಗೆ ಒಂದು ಕಿಲೋದಂತೆ ಸೇರಿಸುತ್ತಾರೆ. ಬಣ್ಣ ಸ್ವಲ್ಪ ಬೇರೆ, ಕೆಲವು ನೀರಿನಲ್ಲಿ ತೇಲುತ್ತವೆ. ಅಂಥ ಕಾಳು ಕಂಡರೆ ಆರಿಸಿ ಬಿಸಾಡಬೇಡಿ. ತೌಡಿನಲ್ಲಿದ್ದ ಕಬ್ಬಿಣವನ್ನೂ ಫೋಲಿಕ್ ಆಮ್ಲವನ್ನೂ ಗಿರಣಿಯಲ್ಲಿ ತೆಗೆದು ಕಾರ್ಖಾನೆಯಲ್ಲಿ ಸೇರಿಸುವುದು ಸುತ್ತಿನ ದಾರಿ ಎಂದು ನನಗೂ ಅನ್ನಿಸುತ್ತದೆ. ಆದರೆ ಬಿ12 ಅಕ್ಕಿಯಲ್ಲಿ ಎಂದೂ ಇರಲಿಲ್ಲ, ಅದನ್ನು ಹೊರಗಿನಿಂದಲೇ ಸೇರಿಸಬೇಕು.

ಸಿ ಮತ್ತು ಡಿ ಬಗ್ಗೆ ಎರಡೇ ಮಾತು. ನಿಮ್ಮ ಹಸು, ಕುರಿ, ನಾಯಿ ಎಲ್ಲವೂ ಸಿ ಜೀವಸತ್ವವನ್ನು ಶರೀರದಲ್ಲೇ ತಯಾರಿಸಿಕೊಳ್ಳುತ್ತವೆ. ಮನುಷ್ಯ, ಕೋತಿ ಮತ್ತು ಇನ್ನು ಕೆಲವೇ ಪ್ರಾಣಿಗಳು ಆ ವಿದ್ಯೆ ಕಳೆದುಕೊಂಡಿವೆ. ಚರ್ಮ, ಒಸಡು, ಎಲುಬನ್ನು ಹಿಡಿದಿಡುವ ನಾರು ಗಟ್ಟಿಯಾಗಲು ಇದು ಬೇಕು. ಸೊಪ್ಪಿನಲ್ಲಿರುವ ಕಬ್ಬಿಣ ರಕ್ತಕ್ಕೆ ಸೇರಲೂ ಇದು ನೆರವಾಗುತ್ತದೆ. ಊಟದ ಜೊತೆ ಅರ್ಧ ನಿಂಬೆಹಣ್ಣು, ಸೀಬೆ, ನೆಲ್ಲಿಕಾಯಿ ಯಾವುದಾದರೂ ಆದೀತು. ಮೊಳಕೆ ಕಟ್ಟಿದ ಹುರುಳಿ, ಹೆಸರುಕಾಳಿನಲ್ಲೂ ಸಿ ಹೊಸದಾಗಿ ಹುಟ್ಟುತ್ತದೆ. ಡಿ ಜೀವಸತ್ವವನ್ನು ಬಿಸಿಲಿನಲ್ಲಿ ಚರ್ಮವೇ ತಯಾರಿಸುವುದರಿಂದ ಹೊಲದಲ್ಲಿ ದುಡಿಯುವವರಿಗೆ ಚಿಂತೆ ಕಡಿಮೆ. ಮನೆಯಿಂದ ಹೊರಗೆ ಬಾರದ ಮುದುಕರ ಮಾತು ಬೇರೆ.

ಕೊನೆಯದಾಗಿ ಕೆ ಜೀವಸತ್ವ. ಇದನ್ನು ಕೊನೆಗೆ ಇಟ್ಟುಕೊಂಡದ್ದು ಬೇಕೆಂದೇ, ಏಕೆಂದರೆ ಇದಕ್ಕೂ ನಿಮ್ಮ ಕಣಜದ ಇಲಿಗೂ ಸಂಬಂಧವಿದೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಲು ಕೆಲವು ಸಸಾರಜನಕಗಳು ಬೇಕು. ಪಿತ್ತಜನಕಾಂಗ ಅವನ್ನು ತಯಾರಿಸಿದ ಮೇಲೆ ಸುಣ್ಣದ ಅಂಶವನ್ನು ಹಿಡಿಯುವ ಕೊಕ್ಕೆಗಳನ್ನು ಅವಕ್ಕೆ ಜೋಡಿಸಬೇಕು. ಆ ಕೊಕ್ಕೆ ಜೋಡಿಸುವ ಕೆಲಸ ಕೆ ಜೀವಸತ್ವದ್ದು. ಒಮ್ಮೆ ಕೆಲಸ ಮಾಡಿದ ಕೆ ಸವೆಯುತ್ತದೆ, ಇನ್ನೊಂದು ಕಿಣ್ವ ಅದನ್ನು ಮತ್ತೆ ಹದಗೊಳಿಸುತ್ತದೆ.

1920ರ ದಶಕದಲ್ಲಿ ಉತ್ತರ ಅಮೆರಿಕೆಯಲ್ಲಿ ಬೂಷ್ಟು ಹಿಡಿದ ಸ್ವೀಟ್ ಕ್ಲೋವರ್ ಎಂಬ ಒಣಮೇವನ್ನು ತಿಂದ ದನಗಳು ಒಳಗೇ ರಕ್ತ ಸೋರಿ ಸಾಯತೊಡಗಿದವು. 1933ರ ಚಳಿಗಾಲದಲ್ಲಿ ವಿಸ್ಕಾನ್ಸಿನ್ನಿನ ಒಬ್ಬ ರೈತ ಸತ್ತ ಕಡಸು, ಹೆಪ್ಪುಗಟ್ಟದ ರಕ್ತ ತುಂಬಿದ ಹಾಲಿನ ಕ್ಯಾನು ಮತ್ತು ಒಂದು ಹೊರೆ ಆ ಮೇವನ್ನು ಹೇರಿಕೊಂಡು ವಿಶ್ವವಿದ್ಯಾನಿಲಯಕ್ಕೆ ಬಂದ. ಕಾರ್ಲ್ ಪಾಲ್ ಲಿಂಕ್ ಎಂಬ ಜೀವರಸಾಯನಶಾಸ್ತ್ರಜ್ಞರು ವರ್ಷಗಟ್ಟಲೆ ದುಡಿದು ಆ ಮೇವಿನಿಂದ ಡೈಕುಮರಾಲ್ ಎಂಬ ವಸ್ತುವನ್ನು ಬೇರ್ಪಡಿಸಿದರು. ಕೆ ಜೀವಸತ್ವವನ್ನು ಹದಗೊಳಿಸುವ ಕೆಲಸವನ್ನು ಅದು ನಿಲ್ಲಿಸಿಬಿಡುತ್ತದೆ. ಅದರ ಜಾತಿಯದೇ ಆದ ವಾರ್ಫರಿನ್ 1948ರಲ್ಲಿ ಇಲಿ ಪಾಷಾಣವಾಗಿ ಬಂತು. ಇಂದು ನೀವು ಅಡಿಕೆ, ತೆಂಗಿನ ತೋಟದಲ್ಲೂ ಗದ್ದೆಯ ಬದುವಿನಲ್ಲೂ ಇಡುವ ಬ್ರೋಮಡಯೋಲೋನ್ ಬಿಲ್ಲೆ ಅದೇ ವಂಶದ ಇನ್ನೂ ತೀಕ್ಷ್ಣವಾದ ಕುಡಿ.

ಇದರ ನಡತೆ ಚೆನ್ನಾಗಿ ತಿಳಿದಿರಬೇಕು. ತಿಂದ ದಿನ ಏನೂ ಆಗುವುದಿಲ್ಲ, ಏಕೆಂದರೆ ರಕ್ತದಲ್ಲಿ ಮೊದಲೇ ತಯಾರಾಗಿರುವ ಹೆಪ್ಪುಗಟ್ಟಿಸುವ ವಸ್ತು ಇನ್ನೂ ಉಳಿದಿರುತ್ತದೆ. ಅದು ತೀರಿದ ಮೇಲೆ, ಎರಡು ಮೂರು ದಿನ ಕಳೆದು, ಒಸಡಿನಲ್ಲಿ, ಮೂಗಿನಲ್ಲಿ, ಮೂತ್ರದಲ್ಲಿ ರಕ್ತ ಕಾಣಿಸುತ್ತದೆ. ಮೈಮೇಲೆ ಪೆಟ್ಟಿಲ್ಲದೆ ನೀಲಿ ಕಲೆ ಬೀಳುತ್ತದೆ. ಆದ್ದರಿಂದ ಮಗು ಬಿಲ್ಲೆ ಬಾಯಿಗಿಟ್ಟುಕೊಂಡದ್ದನ್ನು ಕಂಡಾಗ "ಮಗು ಚೆನ್ನಾಗಿಯೇ ಆಡಿಕೊಂಡಿದೆ, ಏನೂ ಆಗಿಲ್ಲ" ಎಂದು ಸುಮ್ಮನಿರುವುದು ಅತ್ಯಂತ ಅಪಾಯ. ಅದೇ ದಿನ, ಪಾಷಾಣದ ಕಾಗದವನ್ನೂ ತೆಗೆದುಕೊಂಡು ಆಸ್ಪತ್ರೆಗೆ ಹೋಗಬೇಕು. ಕಾಗದ ಏಕೆಂದರೆ ಈ ಜಾತಿಯ ಪಾಷಾಣಕ್ಕೆ ಕೆ1 ಜೀವಸತ್ವವೇ ಮದ್ದು; ಸತುವಿನ ಫಾಸ್ಫೈಡ್ ಎಂಬ ಕಪ್ಪು ಪುಡಿಗೆ ಅಂಥ ಮದ್ದಿಲ್ಲ, ಅಲ್ಲಿ ಗಂಟೆಗಳ ಲೆಕ್ಕ. ಯಾವುದು ತಿಂದದ್ದೆಂದು ವೈದ್ಯರಿಗೆ ಕೂಡಲೆ ತಿಳಿಯಬೇಕು. ನಾಯಿ, ಬೆಕ್ಕು ತಿಂದರೂ ಪಶುವೈದ್ಯರ ಬಳಿ ಮದ್ದು ಇದೇ ಕೆ1. ಬ್ರೋಮಡಯೋಲೋನ್ ಪಿತ್ತಜನಕಾಂಗದಲ್ಲಿ ಬಹಳ ದಿನ ನಿಲ್ಲುವುದರಿಂದ ಒಂದು ಸೂಜಿಗೆ ಮುಗಿಯುವುದಿಲ್ಲ, ವಾರಗಟ್ಟಲೆ ಕೊಡಬೇಕಾಗಬಹುದು. ನಡುವೆ ಗುಣವಾಯಿತೆಂದು ಬಿಟ್ಟರೆ ರಕ್ತ ಮತ್ತೆ ಸೋರಲು ಆರಂಭವಾಗುತ್ತದೆ. ಬಿಲ್ಲೆಯನ್ನು ಬಿಲದ ಒಳಕ್ಕೆ, ಇಲ್ಲವೇ ಬಿದಿರಿನ ಅಂಡೆಯೊಳಗೆ ಇಡಿ, ಸತ್ತ ಇಲಿಗಳನ್ನು ಹೂಳಿ. ಹದ್ದು, ಗೂಬೆ, ನಾಯಿ ಅವನ್ನು ತಿಂದರೆ ವಿಷ ಅವಕ್ಕೂ ದಾಟುತ್ತದೆ, ಮತ್ತು ಗೂಬೆ ನಿಮ್ಮ ಪರವಾಗಿ ಇಲಿ ಹಿಡಿಯುತ್ತಿದ್ದ ಹಕ್ಕಿ.